ಕಡಲಾಚೆಯ ಗಿರಾಕಿಗೆ ನಿಮ್ಮ ಅಂಗಡಿ ಗೂಗಲ್‌ನಲ್ಲಿ ಸಿಗಬೇಕಾದರೆ: ಹಲವು ದೇಶಗಳಿಗೆ ಮಾರುವವರಿಗೆ ಎಸ್‌ಇಒ ಮಾರ್ಗದರ್ಶಿ

ಮಂಗಳೂರಿನ ಗೇರುಬೀಜ ಬೆಂಗಳೂರಿಗೆ ಹೋದರೆ ಗೋಡಂಬಿ. ನಾವು ಶರಬತ್ತು ಮಾಡಿ ಕುಡಿಯುವ ಪುನರ್ಪುಳಿ ಘಟ್ಟದ ಮೇಲೆ ಮುರುಗಲು, ಮುಂಬೈಯಲ್ಲಿ ಕೋಕಂ. ಬಸ್ಸಿನಲ್ಲಿ ಒಂದು ರಾತ್ರಿ ಹೋಗುವಷ್ಟರಲ್ಲೇ ಹೆಸರು ಬದಲಾಗುತ್ತದೆ. ಹಾಗಿರುವಾಗ ಶಾರ್ಜಾದಲ್ಲೋ ಲಂಡನ್ನಿನಲ್ಲೋ ಕೂತವರು ನಿಮ್ಮ ಸಾಮಾನನ್ನು ಯಾವ ಹೆಸರಲ್ಲಿ ಹುಡುಕುತ್ತಾರೆ?

ನಾನು ಮಂಗಳೂರು, ಉಡುಪಿ ಕಡೆಯ ಸಣ್ಣ ಅಂಗಡಿಗಳ ವೆಬ್‌ಸೈಟ್ ನೋಡಿಕೊಳ್ಳುವವನು. ಗೇರುಬೀಜ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಕೋರಿರೊಟ್ಟಿ, ಉಡುಪಿ ಕೈಮಗ್ಗದ ಸೀರೆ ಮಾರುವವರು. ಎಲ್ಲರದ್ದೂ ಒಂದೇ ದೂರು: "ಇಲ್ಲಿ ಹುಡುಕಿದರೆ ನಮ್ಮದೇ ಮೇಲೆ ಬರ್ತದೆ. ದುಬೈಯಿಂದ ಅಣ್ಣ ಹುಡುಕಿದರೆ ಕಾಣುವುದೇ ಇಲ್ಲ, ಕಂಡರೂ ರೂಪಾಯಿ ರೇಟ್ ತೋರಿಸ್ತದೆ." ಹುಡುಕಿದವರಿಗೆ ನಮ್ಮ ಪುಟ ಮೇಲೆ ಸಿಗುವ ಹಾಗೆ ಮಾಡುವ ಕೆಲಸಕ್ಕೇ ಎಸ್‌ಇಒ ಎನ್ನುವುದು. ಈ ದೂರನ್ನು ಸರಿಮಾಡುವ ಬಗೆಯನ್ನು ನಾನು ಕೆಲಸ ಮಾಡುವ ಕ್ರಮದಲ್ಲೇ ಬರೆದಿದ್ದೇನೆ. ಲೆಕ್ಕಕ್ಕೆ ಮಂಗಳೂರು ಕಾರ್‌ಸ್ಟ್ರೀಟಿನ ಒಂದು ಅಂಗಡಿ ಎಂದಿಟ್ಟುಕೊಳ್ಳಿ. 300 ಐಟಂ. ಮಾರುವುದು ಭಾರತ, ಯುಎಇ, ಬ್ರಿಟನ್, ಅಮೆರಿಕ ಹೀಗೆ ನಾಲ್ಕು ದೇಶಕ್ಕೆ.

1. ಮೊದಲು ದೇಶ ಕಡಿಮೆ ಮಾಡಿ

ಹೆಚ್ಚಿನವರು ಎಡವುವುದು ಇಲ್ಲೇ. "ವರ್ಲ್ಡ್‌ವೈಡ್ ಶಿಪ್ಪಿಂಗ್" ಎಂದು ಬೋರ್ಡ್ ಹಾಕಿ, ಇಪ್ಪತ್ತು ದೇಶಕ್ಕೆ ಇಪ್ಪತ್ತು ಫೋಲ್ಡರ್ ಮಾಡಿಬಿಡುತ್ತಾರೆ. ಎಲ್ಲದರಲ್ಲೂ ಅದೇ ಮಾತು, ಅದೇ ಫೋಟೋ. ಗೂಗಲ್‌ಗೆ ಅದು ಇಪ್ಪತ್ತು ಅಂಗಡಿಯಲ್ಲ, ಒಂದೇ ಅಂಗಡಿಯ ಇಪ್ಪತ್ತು ಜೆರಾಕ್ಸ್.

ಸೈಟ್ ಇರುವವರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಎಂಬ ಉಪಕರಣ ತೆರೆದು ಪರ್ಫಾರ್ಮೆನ್ಸ್ ವರದಿಯಲ್ಲಿ ದೇಶಗಳ ಪಟ್ಟಿ ನೋಡಿ. ಯಾವ ದೇಶದಲ್ಲಿ ನಿಮ್ಮ ಪುಟ ಈಗಾಗಲೇ ಜನರ ಕಣ್ಣಿಗೆ ಬೀಳುತ್ತಿದೆ, ಎಲ್ಲಿಂದ ಕ್ಲಿಕ್ ಬರುತ್ತಿದೆ ಎಂದು ಅಲ್ಲಿ ಉಂಟು. ಅದರ ಪಕ್ಕದಲ್ಲಿ ನಿಮ್ಮ ವಾಟ್ಸಾಪ್ ಆರ್ಡರ್ ಪುಸ್ತಕ ಇಟ್ಟುಕೊಳ್ಳಿ. ಎರಡರಲ್ಲೂ ಇರುವ ದೇಶವೇ ನಿಮ್ಮ ಮೊದಲ ದೇಶ. ನಮ್ಮ ಕಡೆಯ ಹೆಚ್ಚಿನ ಅಂಗಡಿಗೆ ಅದು ಯುಎಇ ಆಗಿರುತ್ತದೆ. ಬಜ್ಪೆಯಿಂದ ವಿಮಾನ ಹತ್ತುವವರನ್ನು ನೋಡಿದರೇ ಗೊತ್ತಾಗುತ್ತದಲ್ವಾ?

ಇನ್ನೊಂದು ಪರೀಕ್ಷೆ: ಸಾಮಾನು ಆ ದೇಶದೊಳಗೆ ಹೋಗುತ್ತದೆಯೇ? ಗಸಗಸೆ ಯುಎಇಯಲ್ಲಿ ನಿಷೇಧ. ಮಾದಕ ವಸ್ತುವಿನ ಕಾನೂನಿನಡಿ ಬರುವ ಸಂಗತಿ ಅದು. ನಿಮ್ಮ ಮಸಾಲೆ ಪುಡಿಯಲ್ಲಿ ಗಸಗಸೆ ಇದ್ದರೆ ಆ ಐಟಂಗೆ ಯುಎಇ ಪುಟವೇ ಇರಬಾರದು. ಹಾಲು, ಮಾಂಸದ ಪದಾರ್ಥಕ್ಕೆ ಬ್ರಿಟನ್ ಮತ್ತು ಯುರೋಪ್ ಕಟ್ಟುನಿಟ್ಟು. ಅಮೆರಿಕಕ್ಕೆ ತಿನ್ನುವ ಸಾಮಾನು ಕಳಿಸುವಾಗ ಅಲ್ಲಿನ ಆಹಾರ, ಔಷಧ ಇಲಾಖೆ ಎಫ್‌ಡಿಎಗೆ ಮುಂಚಿತವಾಗಿ ತಿಳಿಸಬೇಕು. ಎಲ್ಲಕ್ಕಿಂತ ಮೊದಲು ರಫ್ತಿಗೆ ಐಇಸಿ, ಅಂದರೆ ಆಮದು-ರಫ್ತು ಮಾಡುವವರಿಗೆ ಸರಕಾರ ಕೊಡುವ ನಂಬರ್ ಬೇಕು. ಎಸ್‌ಇಒ ಲೇಖನದಲ್ಲಿ ಇದೆಲ್ಲ ಯಾಕೆ ಎನ್ನಬೇಡಿ. ಯಾವ ದೇಶಕ್ಕೆ ಯಾವ ಪುಟ ಎಂಬ ಪಟ್ಟಿ ಹುಟ್ಟುವುದೇ ಇಲ್ಲಿ. ಮುಂದಿನ ಎಲ್ಲಾ ಕೆಲಸ ಆ ಪಟ್ಟಿಯ ಮೇಲೆ ನಿಂತಿದೆ.

2. ವಿಳಾಸ ಯಾವ ರೀತಿ ಇರಬೇಕು

ದಾರಿ ಮೂರು. ದೇಶಕ್ಕೊಂದು ಬೇರೆ ಡೊಮೈನ್, ಅಂದರೆ ಡಾಟ್ ಇನ್‌ನಂತೆ ಆ ದೇಶದ್ದೇ ಕೊನೆ ಇರುವ ವೆಬ್ ವಿಳಾಸ. ಒಂದೇ ಡೊಮೈನಿನ ಎದುರು ಸಬ್‌ಡೊಮೈನ್, ಅಂದರೆ ಅಂಗಡಿಯ ಹೆಸರಿನ ಮೊದಲು ಎಇ ಡಾಟ್ ಎಂದು ಸೇರಿಸುವುದು. ಇಲ್ಲವೇ ಡಾಟ್ ಕಾಮ್‌ನ ಕೆಳಗೆ ದೇಶಕ್ಕೊಂದು ಫೋಲ್ಡರ್, ಅಂದರೆ ಡಾಟ್ ಕಾಮ್ ಸ್ಲ್ಯಾಷ್ ಎಇ, ಡಾಟ್ ಕಾಮ್ ಸ್ಲ್ಯಾಷ್ ಜಿಬಿ ಎಂಬ ಹಾಗೆ.

ದೇಶದ ಡೊಮೈನ್ ಗೂಗಲ್‌ಗೆ ಅತ್ಯಂತ ಸ್ಪಷ್ಟ ಗುರುತು, ನಿಜ. ಆದರೆ ಪ್ರತಿಯೊಂದೂ ಸೊನ್ನೆಯಿಂದ ಬೆಳೆಯಬೇಕು. ಕೆಲವಕ್ಕೆ ಆ ದೇಶದ ದಾಖಲೆಯೂ ಬೇಕು, ಆಸ್ಟ್ರೇಲಿಯಾದ್ದು ಹಾಗೆ. ಇಬ್ಬರು ಮೂವರು ನಡೆಸುವ ಅಂಗಡಿಗೆ ನಾನು ಹೇಳುವುದು ಫೋಲ್ಡರ್. ಒಂದು ಪುಟಕ್ಕೆ ಬಂದ ಹೆಸರು ಇಡೀ ಡೊಮೈನಿಗೆ ಅನುಕೂಲ, ಹೋಸ್ಟಿಂಗ್ ಖರ್ಚು ಒಂದೇ.

ಒಂದು ತೊಡಕು ಉಂಟು. ನಿಮ್ಮದು ಈಗಾಗಲೇ ಡಾಟ್ ಇನ್ ಆಗಿದ್ದರೆ ಗೂಗಲ್ ಅದನ್ನು ಭಾರತದ ಅಂಗಡಿ ಎಂದೇ ತಿಳಿದುಕೊಳ್ಳುತ್ತದೆ. ಅದರ ಕೆಳಗೆ ಯುಎಇ ಫೋಲ್ಡರ್ ಮಾಡುವುದು ಮಂಗಳೂರಿನ ಹಂಪನಕಟ್ಟೆಯಲ್ಲಿ ಕೂತು ದುಬೈಯ ದೇರಾದ ಬೋರ್ಡ್ ಹಾಕಿದ ಹಾಗೆ. ಡಾಟ್ ಕಾಮ್‌ಗೆ ಬನ್ನಿ. ಹಳೆಯ ಪ್ರತಿ ಪುಟದಿಂದಲೂ ಹೊಸದರ ಅದೇ ಪುಟಕ್ಕೆ 301 ರೀಡೈರೆಕ್ಟ್ ಕೊಡಿ, ಅಂದರೆ ಹಳೆಯದಕ್ಕೆ ಬಂದವರನ್ನು ಕಾಯಂ ಆಗಿ ಹೊಸದಕ್ಕೆ ಕಳಿಸುವ ವ್ಯವಸ್ಥೆ. ಎಲ್ಲವನ್ನೂ ಮುಖಪುಟಕ್ಕೆ ತಳ್ಳಿಬಿಡಬೇಡಿ.

ವಿಳಾಸ ಬದಲಾಗದೆ ಮೇಲೊಂದು ಬಟನ್ ಒತ್ತಿದರೆ ರೂಪಾಯಿ ಹೋಗಿ ದಿರ್ಹಾಮ್ ಬರುವ ಪ್ಲಗಿನ್‌ಗಳು, ಅಂದರೆ ಸೈಟಿಗೆ ಸೇರಿಸುವ ಸಣ್ಣ ಸಾಫ್ಟ್‌ವೇರ್‌ಗಳು, ಬೇಕಾದಷ್ಟಿವೆ. ನೋಡಲು ಚಂದ. ಆದರೆ ಗೂಗಲ್ ಬಟನ್ ಒತ್ತುವುದಿಲ್ಲ. ಅದಕ್ಕೆ ಕಾಣುವುದು ಒಂದೇ ಬೆಲೆ. ಬೇರೆ ದೇಶಕ್ಕೆ ಬೇರೆ ಬೆಲೆ ತೋರಿಸಬೇಕೆಂದರೆ ಬೇರೆ ವಿಳಾಸವೇ ಬೇಕು.

3. ಆ ದೇಶದವರ ಬಾಯಲ್ಲಿ ಇರುವ ಪದ

ಅಂಗಡಿಯವರಿಗೆ ಬೇಜಾರು ತರುವ ಹಂತ ಇದು. ನನಗೆ ಇದೇ ಇಷ್ಟ.

ಗೇರುಬೀಜವನ್ನೇ ತೆಗೆದುಕೊಳ್ಳಿ. ಫ್ಯಾಕ್ಟರಿಯಲ್ಲಿ ಅದು ಡಬ್ಲ್ಯೂ 180, 240, 320. ಆ ಸಂಖ್ಯೆ ಒಂದು ಪೌಂಡಿಗೆ ಎಷ್ಟು ಬೀಜ ಎಂಬ ಲೆಕ್ಕ. ಸಂಖ್ಯೆ ಸಣ್ಣದಾದಷ್ಟೂ ಬೀಜ ದೊಡ್ಡದು. ಸಗಟು ವ್ಯಾಪಾರಿ ಹುಡುಕುವುದು ಹೀಗೆಯೇ, ಡಬ್ಲ್ಯೂ 320 ಎಂದು. ಮನೆಗೆ ಅರ್ಧ ಕಿಲೋ ತರಿಸುವವರಿಗೆ ಈ ಲೆಕ್ಕ ಗೊತ್ತೇ ಇಲ್ಲ. ಅವರು "ದೊಡ್ಡ ಇಡೀ ಗೇರುಬೀಜ", "ಉಪ್ಪು ಹಾಕಿ ಹುರಿದದ್ದು" ಎಂದು ತಮ್ಮ ಇಂಗ್ಲಿಷಿನಲ್ಲಿ ಕೇಳುತ್ತಾರೆ. ಗಲ್ಫಿನಲ್ಲಿರುವ ನಮ್ಮವರು, ಉತ್ತರದವರು ಕಾಜೂ ಎಂದೂ ಟೈಪ್ ಮಾಡುತ್ತಾರೆ. ಸಗಟಿಗೂ ಬಿಡಿಗೂ ಒಂದೇ ಪುಟ ಇಟ್ಟರೆ ಇಬ್ಬರಿಗೂ ಅರೆಬರೆ. ಎರಡು ಪುಟ ಮಾಡಿ.

ಸೀರೆಯ ಕಥೆ ಬೇರೆ. ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಗೆ ಎರಡು ಇ ಹಾಕುವವರು ಒಂದು ಕಡೆ, ಒಂದೇ ಐ ಹಾಕಿ ಮುಗಿಸುವವರು ಇನ್ನೊಂದು ಕಡೆ. ಭಾರತದ್ದು ಮೊದಲನೆಯದು, ಬ್ರಿಟನ್ನಿನ ಪತ್ರಿಕೆಗಳಲ್ಲಿ ಎರಡನೆಯದು ಕಾಣುತ್ತದೆ. ಬದನೆಕಾಯಿ ನಮಗೆ ಬ್ರಿಂಜಾಲ್, ಅಮೆರಿಕದಲ್ಲಿ ಎಗ್‌ಪ್ಲಾಂಟ್, ಬ್ರಿಟನ್ನಿನಲ್ಲಿ ಓಬರ್ಜೀನ್. ಮಟ್ಟುಗುಳ್ಳದ ಉಪ್ಪಿನಕಾಯಿ ಮಾರುವವರು ಈ ಮೂರನ್ನೂ ಮೂರು ಪುಟದಲ್ಲಿ ಹಂಚಬೇಕು. "ಮಟ್ಟುಗುಳ್ಳ" ಎಂಬ ಹೆಸರನ್ನು ಮಾತ್ರ ಎಲ್ಲೂ ಬಿಡಬೇಡಿ. ಜಿಐ, ಅಂದರೆ ಇಂಥ ಊರಿನದ್ದೇ ಎಂಬ ಸರಕಾರಿ ಗುರುತು ಇರುವ ಬೆಳೆ ಅದು. ಹೆಸರು ಗೊತ್ತಿದ್ದು ಹುಡುಕುವ ಊರವರೇ ನಿಮ್ಮ ಖಾತ್ರಿ ಗಿರಾಕಿ.

ಪದ ಸಿಗುವುದು ಎಲ್ಲಿ? ಗೂಗಲ್ ಟ್ರೆಂಡ್ಸ್‌ನಲ್ಲಿ ದೇಶ ಆರಿಸಿ ಎರಡು ಪದ ಎದುರುಬದುರು ಇಡಿ. ಯಾವ ಪದವನ್ನು ಎಷ್ಟು ಜನ ಹುಡುಕುತ್ತಾರೆ ಎಂದು ತೋರಿಸುವ ಗೂಗಲ್‌ನ ಕೀವರ್ಡ್ ಪ್ಲಾನರ್‌ನಲ್ಲಿ ದೇಶ ಬದಲಿಸಿ ನೋಡಿ. ಇವೆರಡಕ್ಕಿಂತ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ವಾಟ್ಸಾಪ್. ಗಿರಾಕಿಗಳು ಕಳಿಸಿದ ಹಳೆಯ ಮೆಸೇಜುಗಳಲ್ಲಿ ಅವರು ಸಾಮಾನನ್ನು ಏನೆಂದು ಕರೆದಿದ್ದಾರೆ ಎಂದು ಒಂದು ಸಂಜೆ ಕೂತು ಓದಿ. "ಜಾಕ್‌ಫ್ರೂಟ್ ಪಾಪಡ್ ಉಂಟಾ?" ಎಂದು ಹತ್ತು ಜನ ಕೇಳಿದ್ದರೆ ಪುಟದ ತಲೆಬರಹ ಸಿಕ್ಕಿತು.

ಅರಬಿ ಪುಟ ಬೇಕೇ ಎಂದು ಎಲ್ಲರೂ ಕೇಳುತ್ತಾರೆ. ನಿಮ್ಮ ಗಿರಾಕಿ ಅಲ್ಲಿರುವ ಕರಾವಳಿಯವರು, ಮಲಯಾಳಿಗಳು ಆಗಿದ್ದರೆ ಸದ್ಯಕ್ಕೆ ಬೇಡ. ಗೇರುಬೀಜ, ಬಟ್ಟೆಯಂಥದ್ದನ್ನು ಅಲ್ಲಿನ ಅರಬರಿಗೇ ಮಾರುವ ಯೋಚನೆ ಇದ್ದರೆ ಬೇಕು. ಆಗ ಅರಬಿ ಬಲ್ಲವರಿಂದ ಬರೆಸಿ, ಪುಟ ಬಲದಿಂದ ಎಡಕ್ಕೆ ಓದುವ ಹಾಗೆ ಇರಲಿ. 300 ಐಟಂಗಳನ್ನೂ ಮಶೀನಿಗೆ ಹಾಕಿ ಎಂಟು ಭಾಷೆಗೆ ತಿರುಗಿಸಿ ಸುಮ್ನೆ ಸುರಿಯಬೇಡಿ. ಹೀಗೆ ರಾಶಿ ಪುಟ ಹುಟ್ಟಿಸುವುದನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ತನ್ನ ಸ್ಪ್ಯಾಮ್ ನಿಯಮಗಳಲ್ಲೇ ಸೇರಿಸಿದೆ.

4. ಪುಟದ ಒಳಗೆ ನಿಜವಾಗಿ ಬದಲಾಗಬೇಕಾದ್ದು

ಬೆಲೆ ಆ ದೇಶದ ಹಣದಲ್ಲಿ ಇರಲಿ, ರೂಪಾಯಿಯನ್ನು ಭಾಗಿಸಿ ಬಂದ 47.38ರಂಥ ಚಿಲ್ಲರೆಯಲ್ಲಿ ಅಲ್ಲ. ಅಮೆರಿಕಕ್ಕೆ ತೂಕವನ್ನು ಔನ್ಸ್, ಪೌಂಡಿನಲ್ಲೂ ಬರೆಯಿರಿ. ಪಾರ್ಸೆಲ್ ಎಷ್ಟು ದಿನಕ್ಕೆ ತಲುಪುತ್ತದೆ, ತೆರಿಗೆ ಯಾರು ಕಟ್ಟಬೇಕು ಎಂಬುದು ಬೆಲೆಯ ಪಕ್ಕದಲ್ಲೇ ಇರಲಿ.

ತೆರಿಗೆಯ ಮಾತು ದೊಡ್ಡದು. ಯುಎಇಯ ವ್ಯಾಟ್ ಶೇ 5, ಸೌದಿಯದ್ದು ಶೇ 15. ಬ್ರಿಟನ್ನಿಗೆ 135 ಪೌಂಡ್ ಮೀರದ ಪಾರ್ಸೆಲ್ ಆದರೆ ವ್ಯಾಟ್ ಲೆಕ್ಕ ಮಾರುವ ಹೊತ್ತಿಗೇ ಆಗಬೇಕು. ಅಮೆರಿಕದಲ್ಲಿ 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಸುಂಕ ಇಲ್ಲ ಎಂಬ ಸೌಲಭ್ಯ ಇತ್ತು. 2025ರ ಆಗಸ್ಟ್ 29ರಿಂದ ಅದನ್ನು ನಿಲ್ಲಿಸಿದ್ದಾರೆ. ನಿಮ್ಮ ಹಳೆಯ ಎಫ್‌ಎಕ್ಯೂ ಪುಟದಲ್ಲಿ "ಅಮೆರಿಕಕ್ಕೆ ಸುಂಕ ಇಲ್ಲ" ಎಂದು ಇನ್ನೂ ಇದ್ದರೆ ಇವತ್ತೇ ತೆಗೆಯಿರಿ. ನಿಮ್ಮ ಸಾಮಾನಿಗೆ ಎಷ್ಟು ಬೀಳುತ್ತದೆ ಎಂದು ಆಡಿಟರ್ ಹತ್ತಿರ ಕೇಳಿ ಬರೆಯಿರಿ.

ಇನ್ನು ವಿಳಾಸದ ಫಾರಂ. ಯುಎಇಯಲ್ಲಿ ನಮ್ಮ ಹಾಗೆ ಪಿನ್‌ಕೋಡ್ ಇಲ್ಲ. ನಾನು ನೋಡಿಕೊಳ್ಳುತ್ತಿದ್ದ ಒಂದು ಸೈಟಿನಲ್ಲಿ ಆರು ಅಂಕಿಯ ಪಿನ್‌ಕೋಡ್ ಕಡ್ಡಾಯ ಇತ್ತು. ಶಾರ್ಜಾದ ಒಬ್ಬರು ದಾರಿ ಕಾಣದೆ 575001 ಎಂದು ತುಂಬಿದರು. ಮಂಗಳೂರಿನ ಪಿನ್‌ಕೋಡ್! ಶಿಪ್ಪಿಂಗ್ ದರ ಮಂಗಳೂರಿನ ಒಳಗಿನದ್ದೇ ಲೆಕ್ಕವಾಯಿತು. ಆ ಆರ್ಡರಿನಲ್ಲಿ ಅಂಗಡಿಗೆ ಲಾಭ ಹೋಗಲಿ, ಹಪ್ಪಳದ ಅಸಲೂ ಬರಲಿಲ್ಲ. ಕಷ್ಟಪಟ್ಟು ಗೂಗಲ್‌ನಿಂದ ತಂದ ಗಿರಾಕಿ ಇಂಥ ಸಣ್ಣ ಕಿಂಡಿಯಲ್ಲಿ ಸೋರಿ ಹೋಗುತ್ತಾರೆ.

ಇದೆಲ್ಲ ಬದಲಾದಾಗ ಇನ್ನೊಂದು ಉಪಕಾರವೂ ಆಗುತ್ತದೆ. ನಾಲ್ಕು ದೇಶದ ನಾಲ್ಕೂ ಪುಟ ಇಂಗ್ಲಿಷಿನಲ್ಲೇ ಇರುತ್ತವೆ. ಒಂದರ ಹಾಗೆ ಒಂದು ಇದ್ದರೆ ಗೂಗಲ್ ಒಂದನ್ನು ಅಸಲು ಎಂದು ಇಟ್ಟುಕೊಂಡು ಉಳಿದವನ್ನು ನಕಲು ಎಂದು ಮಡಚಿಡಬಹುದು. ಆಗಲೇ ದುಬೈಯವರಿಗೆ ರೂಪಾಯಿ ಬೆಲೆ ಕಾಣುವುದು. ನಿಜವಾದ ವ್ಯತ್ಯಾಸ ಇದ್ದಷ್ಟೂ ಈ ಅಪಾಯ ಕಡಿಮೆ.

5. ಎಚ್‌ರೆಫ್‌ಲ್ಯಾಂಗ್: ಹೆಸರು ಭಯಂಕರ, ಕೆಲಸ ಸರಳ

"ಈ ಪುಟದ ಯುಎಇ ಅವತಾರ ಅಲ್ಲಿದೆ, ಬ್ರಿಟನ್ ಅವತಾರ ಇಲ್ಲಿದೆ" ಎಂದು ಗೂಗಲ್‌ಗೆ ಹೇಳುವ ಟ್ಯಾಗ್, ಅಂದರೆ ಪುಟದ ಕೋಡಿನಲ್ಲಿ ಬರೆಯುವ ಒಂದು ಸಾಲು ಇದು. 2011ರಲ್ಲಿ ಗೂಗಲ್ ತಂದದ್ದು. ಇದರಿಂದ ರ‍್ಯಾಂಕ್ ಏರುವುದಿಲ್ಲ. ಯಾರಿಗೆ ಯಾವ ಪುಟ ತೋರಿಸಬೇಕು ಎಂಬುದಷ್ಟೇ ಇದರ ಕೆಲಸ. ಇದನ್ನು ಹಾಕಿದರೆ ದುಬೈಯಲ್ಲಿ ನಂಬರ್ ಒನ್ ಮಾಡಿಕೊಡುತ್ತೇವೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ ಮಾರಾಯ್ರೆ.

ಕೋಡಿನಲ್ಲಿ ಮೊದಲು ಭಾಷೆ, ಆಮೇಲೆ ಬೇಕಿದ್ದರೆ ದೇಶ. ಯುಎಇಯ ಇಂಗ್ಲಿಷ್ ಪುಟಕ್ಕೆ ಇಎನ್-ಎಇ. ಅಮೆರಿಕಕ್ಕೆ ಇಎನ್-ಯುಎಸ್. ಭಾರತಕ್ಕೆ ಇಎನ್-ಐಎನ್. ಬ್ರಿಟನ್ನಿಗೆ ಇಎನ್-ಜಿಬಿ, ಯುಕೆ ಅಲ್ಲ. ಈ ಒಂದು ತಪ್ಪನ್ನು ನಾನು ನೋಡಿದಷ್ಟು ಬೇರೆ ಯಾವುದನ್ನೂ ನೋಡಿಲ್ಲ.

ಭಾಷೆ ಬಿಟ್ಟು ಬರೀ ದೇಶ ಬರೆದರೆ ತಮಾಷೆ ಶುರು. ಸೌದಿಗೆ ಎಂದು ಬರೀ ಎಸ್‌ಎ ಎಂದು ಹಾಕಿದಿರೋ, ಭಾಷೆಯ ಪಟ್ಟಿಯಲ್ಲಿ ಅದು ಸಂಸ್ಕೃತ. ಯುಎಇಗೆ ಬರೀ ಎಇ ಹಾಕಿದರೆ ಅವೆಸ್ತನ್, ಅಂದರೆ ಪಾರ್ಸಿಗಳ ಧರ್ಮಗ್ರಂಥದ ಹಳೆಯ ಭಾಷೆ. ಆ ಭಾಷೆಯಲ್ಲಿ ಹಲಸಿನ ಹಪ್ಪಳ ಹುಡುಕುವವರು ಇಲ್ಲ.

ನಮ್ಮ ಊರಿನ ಮಟ್ಟಿಗೆ ಒಂದು ಬೇಸರದ ವಿಷಯ. ಗೂಗಲ್ ಇಲ್ಲಿ ಒಪ್ಪುವುದು ಎರಡಕ್ಷರದ ಭಾಷಾ ಕೋಡ್ ಮಾತ್ರ. ಕನ್ನಡಕ್ಕೆ ಉಂಟು, ಕೆಎನ್. ತುಳುವಿಗೆ ಇರುವುದು ಮೂರಕ್ಷರದ್ದು, ಕೊಂಕಣಿಗೂ ಅಷ್ಟೇ. ತುಳುವಿನಲ್ಲಿ ಪುಟ ಬರೆಯಲು ಅಡ್ಡಿಯಿಲ್ಲ, ಅದನ್ನು ಓದುವವರೂ ಇದ್ದಾರೆ. ಆದರೆ ಅದನ್ನು ಎಚ್‌ರೆಫ್‌ಲ್ಯಾಂಗ್ ಗುಂಪಿಗೆ ಸೇರಿಸಲು ಬರುವುದಿಲ್ಲ. ಮಾಮೂಲಿ ಲಿಂಕ್ ಕೊಟ್ಟು ಬಿಡಿ.

ಪಾಲಿಸಬೇಕಾದ ನಿಯಮಗಳು ಕೆಲವೇ. ಸಂಬಂಧ ಎರಡೂ ಕಡೆಯಿಂದ ಇರಬೇಕು: ಭಾರತದ ಪುಟ ಯುಎಇ ಪುಟವನ್ನು ತೋರಿಸಿದರೆ ಯುಎಇ ಪುಟವೂ ಭಾರತದ್ದನ್ನು ತೋರಿಸಬೇಕು. ಇಲ್ಲದಿದ್ದರೆ ಗೂಗಲ್ ಆ ಜೋಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪ್ರತಿ ಪುಟ ತನ್ನನ್ನೂ ಪಟ್ಟಿಯಲ್ಲಿ ಸೇರಿಸಿಕೊಳ್ಳಬೇಕು. ವಿಳಾಸ ಎಚ್‌ಟಿಟಿಪಿಎಸ್‌ನಿಂದ ಹಿಡಿದು ಪೂರ್ತಿ ಇರಬೇಕು. ಯಾವ ದೇಶಕ್ಕೂ ಸೇರದವರಿಗೆ ಎಕ್ಸ್-ಡೀಫಾಲ್ಟ್ ಎಂಬ ಒಂದು ಸಾಲು ಬೇಕು. ಮಸ್ಕತ್ತಿನವರಿಗೋ ಸಿಂಗಾಪುರದವರಿಗೋ ಕಾಣುವುದು ಆ ಪುಟ. ಮುಖಪುಟಕ್ಕೆ ಮುಖಪುಟ, ಡಬ್ಲ್ಯೂ 240ಕ್ಕೆ ಡಬ್ಲ್ಯೂ 240. ಎಲ್ಲಾ ಐಟಂನಿಂದಲೂ ಯುಎಇ ಮುಖಪುಟಕ್ಕೆ ಬೊಟ್ಟು ಮಾಡುವುದು ತಪ್ಪು. ಗಸಗಸೆ ಮಸಾಲೆಗೆ ಯುಎಇ ಪುಟ ಇಲ್ಲ ತಾನೆ? ಆ ಗುಂಪಿನಲ್ಲಿ ಯುಎಇಯ ಸಾಲೇ ಇರಬಾರದು.

ನಮ್ಮ ಅಂಗಡಿಯ ಲೆಕ್ಕ ಹಾಕಿ. 300 ಐಟಂ, ನಾಲ್ಕು ದೇಶ, 1200 ಪುಟ. ಪ್ರತಿಯೊಂದಕ್ಕೂ ಐದು ಸಾಲು: ನಾಲ್ಕು ದೇಶದ್ದು, ಒಂದು ಎಕ್ಸ್-ಡೀಫಾಲ್ಟ್. ಒಟ್ಟು 6000. ಕೈಯಲ್ಲಿ ಆಗುವ ಕೆಲಸ ಅಲ್ಲ. ನಿಮ್ಮ ಆನ್‌ಲೈನ್ ಅಂಗಡಿ ಶಾಪಿಫೈಯಲ್ಲಿದ್ದರೆ, ಅದರ ಮಾರ್ಕೆಟ್ಸ್ ಎಂಬ ದೇಶವಾರು ಸೆಟ್ಟಿಂಗ್ ಸರಿಯಾಗಿ ಹೊಂದಿಸಿದರೆ ತಾನಾಗಿಯೇ ಬರುತ್ತದೆ. ವರ್ಡ್‌ಪ್ರೆಸ್ಸಿನ ಅಂಗಡಿ ವ್ಯವಸ್ಥೆಯಾದ ವೂಕಾಮರ್ಸ್‌ನಲ್ಲಿ ಡಬ್ಲ್ಯೂಪಿಎಂಎಲ್, ಪಾಲಿಲ್ಯಾಂಗ್‌ನಂಥ ಪ್ಲಗಿನ್ ಬೇಕು. ಸ್ವಂತ ಸೈಟ್ ಆದರೆ ಪುಟದ ತಲೆಯಲ್ಲಿ ಹಾಕುವ ಬದಲು ಎಕ್ಸ್‌ಎಂಎಲ್ ಸೈಟ್‌ಮ್ಯಾಪಿನಲ್ಲಿ, ಅಂದರೆ ಗೂಗಲ್‌ಗೆ ಕೊಡುವ ಪುಟಗಳ ಪಟ್ಟಿಯ ಫೈಲಿನಲ್ಲಿ ಹಾಕಿಸಿ. ಪುಟ ಭಾರ ಆಗುವುದಿಲ್ಲ, ತಪ್ಪು ಹುಡುಕಲೂ ಒಂದೇ ಜಾಗ. ಒಂದು ಸೈಟ್‌ಮ್ಯಾಪ್ ಫೈಲಿನಲ್ಲಿ 50,000 ವಿಳಾಸ ಹಿಡಿಯುತ್ತದೆ, ನಮಗೆ ಧಾರಾಳ.

ಮೈಕ್ರೋಸಾಫ್ಟಿನ ಸರ್ಚ್ ಎಂಜಿನ್ ಬಿಂಗ್ ಈ ಟ್ಯಾಗನ್ನು ಅಷ್ಟಾಗಿ ನೆಚ್ಚುವುದಿಲ್ಲ. ಅದಕ್ಕೆ ಕಂಟೆಂಟ್-ಲ್ಯಾಂಗ್ವೇಜ್ ಎಂಬ ಮೆಟಾ ಟ್ಯಾಗ್ ಹಾಕಿ ಮುಂದೆ ಹೋಗಿ.

6. ಕೆನಾನಿಕಲ್, ರೀಡೈರೆಕ್ಟ್, ಮತ್ತು ನನ್ನ ಒಂದು ದೊಡ್ಡ ತಪ್ಪು

ಕೆನಾನಿಕಲ್ ಟ್ಯಾಗ್ ಎಂದರೆ "ಅಸಲು ಪುಟ ಇದು" ಎಂಬ ಮಾತು. ಯುಎಇ ಪುಟದ ಕೆನಾನಿಕಲ್ ಯುಎಇ ಪುಟವೇ ಆಗಿರಬೇಕು. ಹಲವರು ಎಲ್ಲಾ ದೇಶದ ಪುಟಗಳಿಗೂ ಭಾರತದ್ದನ್ನು ಅಸಲು ಎಂದು ಕೊಡುತ್ತಾರೆ. ಒಂದು ಬಾಯಲ್ಲಿ "ಯುಎಇ ಪುಟ ತೋರಿಸು", ಇನ್ನೊಂದು ಬಾಯಲ್ಲಿ "ಅದು ನಕಲು, ಬಿಟ್ಟುಬಿಡು" ಎಂದ ಹಾಗೆ ಆಯಿತಲ್ಲ!

ಇನ್ನು ನನ್ನ ತಪ್ಪು. ಶುರುವಿನ ದಿನಗಳಲ್ಲಿ ಒಂದು ಅಂಗಡಿಗೆ ಬಂದವರ ಐಪಿ (ಅವರ ಇಂಟರ್‌ನೆಟ್ ವಿಳಾಸ) ನೋಡಿ ಅವರವರ ದೇಶದ ಪುಟಕ್ಕೆ ತಳ್ಳುವ ವ್ಯವಸ್ಥೆ ಮಾಡಿದೆ. ಗಿರಾಕಿಗೆ ಅನುಕೂಲ ಎಂದು ಬಹಳ ಹೆಮ್ಮೆಯಿಂದಲೇ. ಕೆಲವು ವಾರಗಳಲ್ಲಿ ಭಾರತದ ಪುಟಗಳು ಗೂಗಲ್‌ನಿಂದ ಒಂದೊಂದಾಗಿ ಮಾಯವಾದವು. ಯಾಕೆ ಎಂದು ಗೊತ್ತಾಗಲು ಎರಡು ರಾತ್ರಿ ಹೋಯಿತು. ಪುಟಗಳನ್ನು ಓದಿಕೊಂಡು ಹೋಗುವ ಗೂಗಲ್‌ನ ಯಂತ್ರ ಗೂಗಲ್‌ಬಾಟ್ ಹೆಚ್ಚಾಗಿ ಬರುವುದು ಅಮೆರಿಕದ ಐಪಿಯಿಂದ. ಅದು ಯಾವ ಬಾಗಿಲು ತಟ್ಟಿದರೂ ನಾನು ಹಿಡಿದು ಅಮೆರಿಕದ ಪುಟಕ್ಕೆ ದಬ್ಬುತ್ತಿದ್ದೆ. ಅದರ ಮಟ್ಟಿಗೆ ಬೇರೆ ದೇಶದ ಪುಟಗಳು ಇರಲೇ ಇಲ್ಲ.

ತಳ್ಳಬೇಡಿ, ಕೇಳಿ. "ನೀವು ಯುಎಇಯಲ್ಲಿ ಇದ್ದ ಹಾಗಿದೆ, ದಿರ್ಹಾಮ್ ಬೆಲೆಯ ಪುಟಕ್ಕೆ ಹೋಗುತ್ತೀರಾ?" ಎಂದು ಮೇಲೊಂದು ಸಣ್ಣ ಪಟ್ಟಿ ಸಾಕು. ಅಡಿಯಲ್ಲಿ ದೇಶ ಬದಲಿಸುವ ಮಾಮೂಲಿ ಲಿಂಕುಗಳೂ ಇರಲಿ. ದುಬೈಯಲ್ಲಿ ಕೂತು ಊರಿನ ಅಮ್ಮನಿಗೆ ಸೀರೆ ಆರ್ಡರ್ ಮಾಡುವವರು ಎಷ್ಟೋ ಜನ. ಅವರಿಗೆ ಬೇಕಾದ್ದು ಭಾರತದ ಪುಟ.

7. ಬೆಲೆಯನ್ನು ಗೂಗಲ್‌ಗೆ ಓದಿ ಹೇಳುವುದು

ಗೂಗಲ್ ಓದಲೆಂದೇ ಪುಟದಲ್ಲಿ ಹಾಕುವ ಪ್ರಾಡಕ್ಟ್ ಸ್ಕೀಮಾ ಎಂಬ ಕೋಡಿನಲ್ಲಿ ಬೆಲೆ, ಕರೆನ್ಸಿ, ಸ್ಟಾಕ್, ಶಿಪ್ಪಿಂಗ್, ವಾಪಸ್ ನಿಯಮ ಬರೆಯಬಹುದು. ಕರೆನ್ಸಿಗೆ ಮೂರಕ್ಷರದ ಕೋಡ್: ಐಎನ್‌ಆರ್, ಎಇಡಿ, ಜಿಬಿಪಿ, ಯುಎಸ್‌ಡಿ. ಮುಂದೆ ಕುವೈತ್, ಬಹರೈನ್, ಒಮಾನಿಗೆ ಹೋದರೆ ನೆನಪಿಡಿ, ಅಲ್ಲಿನ ಹಣಕ್ಕೆ ಬಿಂದುವಿನ ಆಚೆ ಮೂರು ಅಂಕಿ. ಕುವೈತ್, ಬಹರೈನಿನಲ್ಲಿ ಒಂದು ದಿನಾರಿಗೆ 1000 ಫಿಲ್ಸ್. ಸೈಟಿನ ಥೀಮ್ (ಪುಟದ ವಿನ್ಯಾಸ) ಎರಡೇ ಅಂಕಿ ಹಿಡಿಯುವುದಾದರೆ 2.750 ಎಂಬುದು 2.75 ಆಗಿ ನಿಲ್ಲುತ್ತದೆ, ಅದಾದರೂ ಪರವಾಗಿಲ್ಲ. 2.755 ಇದ್ದರೆ ಪುಟದ ಬೆಲೆ ಒಂದು, ಬಿಲ್ಲಿನ ಬೆಲೆ ಇನ್ನೊಂದು.

ಗೂಗಲ್‌ನಲ್ಲಿ ಸಾಮಾನು ತೋರಿಸಲು ಅಂಗಡಿಯವರಿಗಿರುವ ಮರ್ಚೆಂಟ್ ಸೆಂಟರ್‌ನಲ್ಲಿ ದೇಶಕ್ಕೊಂದು ಫೀಡ್, ಅಂದರೆ ಸಾಮಾನು-ಬೆಲೆಯ ಪಟ್ಟಿ ಕೊಡಿ, ಅದರ ಲಿಂಕ್ ಆ ದೇಶದ ಪುಟಕ್ಕೇ ಹೋಗಲಿ. ಫೀಡಿನ ಬೆಲೆಗೂ ಪುಟದ ಬೆಲೆಗೂ ತಾಳೆ ಆಗದಿದ್ದರೆ ಐಟಂ ತಿರಸ್ಕಾರ ಆಗುತ್ತದೆ.

8. ವೇಗ

ಚಿತ್ರಗಳನ್ನು ವೆಬ್‌ಪಿ ಎಂಬ ಹಗುರ ರೂಪಕ್ಕೆ ಮಾಡಿ, ಪುಟದ ಪ್ರತಿಯನ್ನು ಗಿರಾಕಿಗೆ ಹತ್ತಿರದ ಸರ್ವರಿನಿಂದ ಕೊಡುವ ಸಿಡಿಎನ್ ಹಾಕಿ. ಮುಂಬೈ ಸರ್ವರಿನಿಂದ ನ್ಯೂಜೆರ್ಸಿಗೆ ಹೋಗುವಷ್ಟರಲ್ಲಿ ಪುಟ ತೆವಳುತ್ತದೆ. ಪುಟದ ದೊಡ್ಡ ಚಿತ್ರ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಉತ್ತರ ಬರಬೇಕು ಎಂಬುದು ಗೂಗಲ್‌ನ ಅಳತೆ. ಇಷ್ಟು ಸಾಕು.

9. ಆ ದೇಶದಿಂದ ನಾಲ್ಕು ಮಾತು

ಯುಎಇ ಪುಟಕ್ಕೆ ಯುಎಇಯ ಸೈಟುಗಳಿಂದ ಲಿಂಕ್ ಬಂದರೆ ತೂಕ. ದುಡ್ಡು ಕೊಟ್ಟು ಕೊಳ್ಳಬೇಡಿ, ನಮಗೆ ಅದರ ಅಗತ್ಯವೂ ಇಲ್ಲ. ಗಲ್ಫಿನಲ್ಲಿ, ಬ್ರಿಟನ್ನಿನಲ್ಲಿ ಕನ್ನಡ ಸಂಘ, ತುಳು ಕೂಟಗಳು ಎಷ್ಟಿವೆ ನೋಡಿ. ಅವರ ರಾಜ್ಯೋತ್ಸವಕ್ಕೋ ಕ್ರೀಡಾಕೂಟಕ್ಕೋ ತಿಂಡಿ ಕಳಿಸಿದಾಗ ಅವರ ಸೈಟಿನಲ್ಲಿ ಹೆಸರು ಹಾಕಲು ಕೇಳಿ. ಅಲ್ಲಿ ಅಡುಗೆ ವೀಡಿಯೋ ಮಾಡುವ ನಮ್ಮೂರ ಹುಡುಗಿಯರಿಗೆ ಒಂದು ಪ್ಯಾಕೆಟ್ ಪುನರ್ಪುಳಿ ಸಿಪ್ಪೆ ಕಳಿಸಿ, ಉಚಿತವಾಗಿ ಸಿಕ್ಕಿದ್ದು ಎಂದು ಅವರು ಹೇಳಿಯೇ ತೋರಿಸಲಿ. ಗಿರಾಕಿಗಳ ವಿಮರ್ಶೆಯಲ್ಲಿ ಅವರ ಊರು ಕಾಣುವಂತೆ ಇರಲಿ. "ಅಬುಧಾಬಿಗೆ ಮುರಿಯದೆ ಬಂತು" ಎಂಬ ಒಂದು ಸಾಲು ಹಪ್ಪಳ ಮಾರುವುದಕ್ಕೆ ನಮ್ಮ ಹತ್ತು ಸಾಲಿಗಿಂತ ಮೇಲು.

10. ಸರಿಯಾಯಿತೇ ಎಂದು ನೋಡುವುದು

ಸರ್ಚ್ ಕನ್ಸೋಲಿನಲ್ಲಿ ಹಿಂದೆ ಇಂಟರ್‌ನ್ಯಾಷನಲ್ ಟಾರ್ಗೆಟಿಂಗ್ ಎಂಬ ವರದಿ ಇತ್ತು. 2022ರಲ್ಲಿ ಗೂಗಲ್ ಅದನ್ನು ತೆಗೆದುಹಾಕಿತು. ಯೂಟ್ಯೂಬಿನ ಹಳೆಯ ಪಾಠಗಳಲ್ಲಿ "ಅಲ್ಲಿ ದೇಶ ಸೆಟ್ ಮಾಡಿ" ಎಂದರೆ ಹುಡುಕುತ್ತಾ ಕೂರಬೇಡಿ.

ಈಗ ಮಾಡಬೇಕಾದ್ದು: ಪ್ರತಿ ದೇಶದ ಫೋಲ್ಡರನ್ನೂ ಸರ್ಚ್ ಕನ್ಸೋಲಿನಲ್ಲಿ ಬೇರೆ ಪ್ರಾಪರ್ಟಿಯಾಗಿ, ಅಂದರೆ ಬೇರೆ ಸೈಟಿನ ಹಾಗೆ ಸೇರಿಸಿ. ಯುಎಇ ಫೋಲ್ಡರಿನ ವರದಿ ತೆರೆದು ದೇಶಗಳನ್ನು ನೋಡಿ. ಅಲ್ಲಿ ಯುಎಇಯ ಕ್ಲಿಕ್ಕೇ ಮೇಲಿರಬೇಕು. ಭಾರತ ಮೇಲಿದ್ದರೆ ಟ್ಯಾಗಿನಲ್ಲಿ ಎಲ್ಲೋ ಎಡವಟ್ಟಾಗಿದೆ. ನಾಲ್ಕೈದು ಪುಟಗಳ ವಿಳಾಸವನ್ನು ಅಲ್ಲೇ ಇರುವ ಯುಆರ್‌ಎಲ್ ಇನ್‌ಸ್ಪೆಕ್ಷನ್‌ಗೆ ಹಾಕಿ, ಗೂಗಲ್ ಯಾವುದನ್ನು ಅಸಲು ಎಂದು ಆರಿಸಿದೆ ಎಂದು ಓದಿ. ನೀವು ಹೇಳಿದ್ದನ್ನು ಬಿಟ್ಟು ಬೇರೆಯದನ್ನು ಆರಿಸಿದ್ದರೆ ನಾಲ್ಕನೆಯ ಹಂತಕ್ಕೆ ವಾಪಸ್ ಹೋಗಿ, ಪುಟಗಳು ಇನ್ನೂ ಒಂದರ ಹಾಗೆ ಒಂದು ಇವೆ. ಇಡೀ ಸೈಟಿನ ಟ್ಯಾಗ್ ಎರಡೂ ಕಡೆ ಕೂಡುತ್ತದೆಯೇ ಎಂದು ನೋಡಲು ಸ್ಕ್ರೀಮಿಂಗ್ ಫ್ರಾಗ್ ಎಂಬ ಸಾಫ್ಟ್‌ವೇರ್ ಒಳ್ಳೆಯದು. ಉಚಿತ ಆವೃತ್ತಿಯಲ್ಲಿ 500 ವಿಳಾಸದವರೆಗೆ ಓಡುತ್ತದೆ, ಹಾಗಾಗಿ ಒಂದೊಂದೇ ಫೋಲ್ಡರ್ ನೋಡಿ.

ಇವೆಲ್ಲ ಆದ ಮೇಲೆ ದುಬೈಯಲ್ಲಿರುವ ಅಣ್ಣನಿಗೆ ಮೆಸೇಜ್ ಹಾಕಿ. ಅಂಗಡಿಯ ಹೆಸರು ಹಾಕದೆ, ಬರೀ ಸಾಮಾನಿನ ಹೆಸರು ಹಾಕಿ ಹುಡುಕಲಿ. ಸ್ಕ್ರೀನ್‌ಶಾಟ್ ತರಿಸಿಕೊಳ್ಳಿ, ಬೆಲೆ ದಿರ್ಹಾಮಿನಲ್ಲಿ ಉಂಟಾ ನೋಡಿ. ಅಣ್ಣ ಒಂದು ಪ್ಯಾಕೆಟ್ ಆರ್ಡರೂ ಮಾಡಿಬಿಡಲಿ, ಪಿನ್‌ಕೋಡ್ ಕೇಳುತ್ತದೋ ಇಲ್ಲವೋ ಆಗಲೇ ಗೊತ್ತಾಗುವುದು.